ಕೂಡಿ ಮಾಡಿದ ಸಾಲದ ಲೆಕ್ಕ ಯಾರ ಬಳಿ ಕೇಳಬೇಕು?



ಮದ್ದೂರು ಅಂದಕೂಡಲೇ ಬೆಂಗಳೂರು ಕಡೆಯವರು ವಡೆಯ ಮಾತು ತೆಗೆಯುತ್ತಾರೆ. ನಮ್ಮದು ಆ ಮದ್ದೂರಲ್ಲ, ನಾರಾಯಣಪೇಟೆ ಜಿಲ್ಲೆಯ ಮದ್ದೂರು. ಮೊನ್ನೆ ಮೊನ್ನೆಯವರೆಗೆ ಗ್ರಾಮ ಪಂಚಾಯಿತಿ ಆಗಿದ್ದ ಊರು ಈಗ ಮುನ್ಸಿಪಾಲಿಟಿ. ಬೋರ್ಡು ಬದಲಾದದ್ದು ಎಲ್ಲರಿಗೂ ಕಾಣುತ್ತದೆ. ಮನೆ ತೆರಿಗೆ ಬದಲಾದರೆ ಅದೂ ಗೊತ್ತಾಗುತ್ತದೆ. ಆದರೆ ಊರಿನ ಹೆಸರಿನಲ್ಲಿ ದೊಡ್ಡ ಸಾಲ ಹುಟ್ಟುವ ದಾರಿಯೂ ಇದರ ಜೊತೆ ತೆರೆದುಕೊಳ್ಳುತ್ತದೆ ಎಂಬುದರ ಕಡೆ ಯಾರ ಗಮನವೂ ಹೋಗುವುದಿಲ್ಲ. ಈ ಸಲ ಅದನ್ನೇ ಬರೆಯುತ್ತಿದ್ದೇನೆ.

ಮಕ್ತಲ್, ಕೋಸ್ಗಿ, ಮದ್ದೂರಿನಂತಹ ಸಣ್ಣ ಊರು ಒಂದೊಂದೇ ಹೋಗಿ ಪೇಟೆಯಲ್ಲಿ ಸಾಲ ಎತ್ತುವುದು ಆಗದ ಮಾತು. ಹೈದರಾಬಾದ್ ಮಹಾನಗರ ಪಾಲಿಕೆ 2018ರಲ್ಲಿ ಬಾಂಡ್ ಬಿಟ್ಟು 200 ಕೋಟಿ ರೂಪಾಯಿ ಎತ್ತಿತು. ಅದರ ತೆರಿಗೆ ಆದಾಯವೇ ಬೇರೆ. ಸಣ್ಣ ಊರುಗಳ ಪರವಾಗಿ ಬೇರೆ ಒಂದು ಸಂಸ್ಥೆ ಹಣ ಎತ್ತಿ ಹಂಚಬೇಕು. ತೆಲಂಗಾಣದಲ್ಲಿ ನಗರ ಹಣಕಾಸು ಮತ್ತು ಮೂಲಸೌಕರ್ಯ ಅಭಿವೃದ್ಧಿ ನಿಗಮ ಎಂಬ ಸರ್ಕಾರಿ ಕಂಪನಿ ಇದೆ, ಟಿಯುಎಫ್‌ಐಡಿಸಿ ಎಂದು ಕಡತಗಳಲ್ಲಿ ಕಾಣುತ್ತದೆ. ಕರ್ನಾಟಕದಲ್ಲಿ ಕೆಯುಐಡಿಎಫ್‌ಸಿ. ಇಂತಹ ಸಂಸ್ಥೆ ಬೇಕೇ ಬೇಕು, ಅದರಲ್ಲಿ ನನ್ನ ತಕರಾರಿಲ್ಲ. ಹಣ ನಿಗಮದ ಹೆಸರಿನಲ್ಲಿ ಬಂದು, ಕೆಲಸ ಮುನ್ಸಿಪಾಲಿಟಿ ಹೆಸರಿನಲ್ಲಿ ಆಗಿ, ಕಡಿತ ಸರ್ಕಾರದ ಖಜಾನೆಯಲ್ಲಿ ನಡೆದರೆ, ತೆರಿಗೆ ಕಟ್ಟುವವನು ಯಾವ ಬಾಗಿಲು ತಟ್ಟಬೇಕು?

ಇದಕ್ಕೆ ನಮ್ಮ ಪಕ್ಕದಲ್ಲೇ ಉದಾಹರಣೆ ಇದೆ. 2005ರಲ್ಲಿ ಬೆಂಗಳೂರಿನ ಸುತ್ತಲಿನ ಎಂಟು ಊರುಗಳಿಗೆ ಕಾವೇರಿ ನೀರು ಕೊಡುವ ಯೋಜನೆಗಾಗಿ ಒಂದು ಸಾಮೂಹಿಕ ನಿಧಿ ಮಾಡಿದರು. ಬೊಮ್ಮನಹಳ್ಳಿ, ಬ್ಯಾಟರಾಯನಪುರ, ದಾಸರಹಳ್ಳಿ, ಕೃಷ್ಣರಾಜಪುರ, ಮಹದೇವಪುರ, ರಾಜರಾಜೇಶ್ವರಿ ನಗರ, ಯಲಹಂಕ, ಈ ಏಳು ನಗರಸಭೆ ಮತ್ತು ಕೆಂಗೇರಿ ಪುರಸಭೆ ಅದರಲ್ಲಿದ್ದವು. ನಿಧಿ ಬಾಂಡ್ ಮೂಲಕ 100 ಕೋಟಿ ಎತ್ತಿತು. ಅವಧಿ 15 ವರ್ಷ, ಬಡ್ಡಿ ಶೇ. 5.95, ತೆರಿಗೆ ಇಲ್ಲ. ಅಸಲಿನ ಅರ್ಧಕ್ಕೆ ಅಮೆರಿಕದ ಯುಎಸ್‌ಏಡ್ ಜಾಮೀನು ನಿಂತಿತ್ತು. ಇದಕ್ಕೂ ಮೊದಲು ತಮಿಳುನಾಡು ಇದೇ ದಾರಿಯಲ್ಲಿ ಸಣ್ಣ ಊರುಗಳಿಗಾಗಿ ಸುಮಾರು 30 ಕೋಟಿ ಎತ್ತಿತ್ತು.

ಕರಾರಿನ ರೀತಿ ನೋಡಿ. ಊರಿನ ಆದಾಯ ಮೊದಲು ಒಂದು ಪ್ರತ್ಯೇಕ ಖಾತೆಗೆ ಹೋಗಬೇಕು. ಕಂತಿನ ಪಾಲು ತೆಗೆದಿಟ್ಟ ಮೇಲೆ ಉಳಿದದ್ದು ಬೀದಿ ದೀಪಕ್ಕೆ, ಸಂಬಳಕ್ಕೆ. ಕಡಿಮೆ ಬಿದ್ದರೆ ಮೀಸಲು ನಿಧಿ, ಅದೂ ಸಾಲದಿದ್ದರೆ ಸರ್ಕಾರದ ಅನುದಾನದಲ್ಲೇ ಕಡಿತ. ಸಾಲ ಕೊಟ್ಟವರಿಗೆ ಇಷ್ಟು ಬೇಲಿ. ನಲ್ಲಿ ನೀರಿಗಾಗಿ ಮನೆ ಮನೆಯಿಂದ ಮುಂಗಡವಾಗಿ ವಂತಿಗೆಯನ್ನೂ ತೆಗೆದುಕೊಂಡಿದ್ದರು. ಇದರ ವಿರುದ್ಧ ಆಗ ಹೋರಾಟವೂ ನಡೆಯಿತು.

ಮುಂದೆ ಆದದ್ದು ಕೇಳಿ. 2007ರ ಜನವರಿಯಲ್ಲಿ ಎಂಟೂ ಊರು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ವಿಲೀನವಾದವು. ಸಾಲಕ್ಕೆ ಸಹಿ ಹಾಕಿದ ನಗರಸಭೆಗಳೇ ಎರಡು ವರ್ಷದೊಳಗೆ ಇಲ್ಲವಾದವು, ಸಾಲ ಮಾತ್ರ ಉಳಿಯಿತು. ದಾಸರಹಳ್ಳಿಯ ಮನೆ ಮಾಲೀಕನೊಬ್ಬ 2010ರಲ್ಲಿ ತನ್ನ ಊರಿನ ಪಾಲು ಎಷ್ಟು ತೀರಿದೆ ಎಂದು ಕೇಳಲು ಹೊರಟಿದ್ದರೆ ಹಳೆಯ ನಗರಸಭೆಗೆ ಹೋಗಬೇಕಿತ್ತೋ, ಪಾಲಿಕೆಗೋ, ನಿಗಮಕ್ಕೋ, ನೀರು ಸರಬರಾಜು ಮಂಡಳಿಗೋ? 2025ರಲ್ಲಿ ಆ ಪಾಲಿಕೆಯನ್ನೂ ಐದು ಮಾಡಿದರು. ಊರಿನ ಗಡಿ, ಹೆಸರು ಬದಲಾಗುತ್ತಲೇ ಇರುತ್ತವೆ. ಇದು ನಮಗೆ ಹೊಸದಲ್ಲ. 1956ರ ತನಕ ಗದ್ವಾಲ ರಾಯಚೂರು ಜಿಲ್ಲೆಯಲ್ಲಿತ್ತು, ಕೊಡಂಗಲ್ ಗುಲ್ಬರ್ಗದಲ್ಲಿತ್ತು.

ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ನಾನು ಗುಮಾಸ್ತನಾಗಿದ್ದ ಒಂದು ಕಚೇರಿಗೆ (ಹೆಸರು ಬೇಡ) ಒಂದು ವರ್ಷ ಅನುದಾನ ಮಂಜೂರಾದದ್ದಕ್ಕಿಂತ ಕಡಿಮೆ ಬಂತು. ಆದೇಶದ ಕೊನೆಯಲ್ಲಿ "ಮೂಲದಲ್ಲಿಯೇ ಕಡಿತ" ಎಂದು ಒಂದು ಸಾಲು. ಯಾವ ಸಾಲ, ಎಷ್ಟನೇ ಕಂತು, ಏನೂ ಇಲ್ಲ. ಕೇಳಿದೆ. "ಮೇಲಿಂದ ಬಂದದ್ದು, ಬಂದಷ್ಟು ಬರ್ಕೊಳ್ರಿ" ಅಂದರು. ಬರೆದುಕೊಂಡೆ. ನಿಜಕ್ಕೂ ಮಂಜೂರಾದ ಪೂರ್ತಿ ಮೊತ್ತವನ್ನು ಜಮೆಯಲ್ಲಿ ಬರೆದು, ಕಡಿತವನ್ನು ಸಾಲ ಮರುಪಾವತಿ ಎಂದು ಖರ್ಚಿನಲ್ಲಿ ತೋರಿಸಬೇಕಿತ್ತು. ನಾನು ಕೈಗೆ ಬಂದ ಮೊತ್ತವನ್ನಷ್ಟೇ ಬರೆದೆ. ಜಮೆ ಖರ್ಚು ಸರಿಹೋಯಿತು, ಆಡಿಟ್ ಆಕ್ಷೇಪಣೆಯೂ ಬರಲಿಲ್ಲ, ಆದರೆ ಸಾಲ ಪುಸ್ತಕದಿಂದಲೇ ಮಾಯವಾಯಿತು. ಕೆಲವು ವರ್ಷದ ಮೇಲೆ ಸಭೆಯಲ್ಲಿ ಒಬ್ಬ ಸದಸ್ಯರು ನಮ್ಮ ಮೇಲೆ ಸಾಲ ಎಷ್ಟಿದೆ ಎಂದು ಕೇಳಿದರು. ಪುಸ್ತಕ ನೋಡಿ ಸಾಲವೇ ಇಲ್ಲ ಎಂದು ಉತ್ತರ ಕೊಟ್ಟರು. ಅದು ನನ್ನ ಅಕ್ಷರದ ಪುಸ್ತಕ. ಎದ್ದು ಹೇಳುವ ಧೈರ್ಯ ಅಂದು ನನಗೆ ಬರಲಿಲ್ಲ.

ಕಳ್ಳತನ ಇಲ್ಲದೆಯೂ ಲೆಕ್ಕ ಕಳೆದುಹೋಗುವುದು ಹೀಗೆ. ಮುನ್ಸಿಪಾಲಿಟಿಯ ಲೆಕ್ಕವನ್ನು ರಾಜ್ಯದ ಲೆಕ್ಕ ತಪಾಸಣಾ ಇಲಾಖೆ ನೋಡುತ್ತದೆ, ನಿಗಮದ ಲೆಕ್ಕ ಮಹಾಲೇಖಪಾಲರ ಕಡೆಗೆ ಹೋಗುತ್ತದೆ. ಎರಡನ್ನೂ ಒಂದೇ ಮೇಜಿನ ಮೇಲಿಟ್ಟು ಈ ಊರಿನ ಪಾಲು ಇಲ್ಲೆಷ್ಟು, ಅಲ್ಲೆಷ್ಟು ಎಂದು ತಾಳೆ ನೋಡುವವರು ಬೇಕು. ಚುನಾಯಿತ ಸಭೆ ಇದ್ದರೆ ಕೇಳುವವರು ಒಬ್ಬರಾದರೂ ಇರುತ್ತಾರೆ. 2020ರಲ್ಲಿ ಆರಿಸಿ ಬಂದ ಮುನ್ಸಿಪಲ್ ಸಭೆಗಳ ಅವಧಿ 2025ರ ಜನವರಿಯಲ್ಲಿ ಮುಗಿದು ವಿಶೇಷಾಧಿಕಾರಿಗಳ ಆಡಳಿತ ಬಂತು. ಅಂತಹ ಕಾಲದಲ್ಲಿ ಠರಾವು ಮಂಡಿಸುವವರೂ ಅಧಿಕಾರಿಗಳೇ, ಒಪ್ಪುವವರೂ ಅಧಿಕಾರಿಗಳೇ. ಆ ತಿಂಗಳುಗಳ ಠರಾವುಗಳನ್ನು ಒಮ್ಮೆ ತೆಗೆಸಿ ಓದಬೇಕು ಎಂಬುದು ನನ್ನ ಅಭಿಪ್ರಾಯ.

ಬೇರೆ ಕಡೆ ಇದು ಆಗದ ಕೆಲಸವಲ್ಲ. ಡೆನ್ಮಾರ್ಕಿನ ಊರಾಡಳಿತಗಳು 1899ರಿಂದ ಒಂದೇ ಸಂಸ್ಥೆಯ ಮೂಲಕ ಸಾಲ ಎತ್ತುತ್ತಿವೆ. ಒಬ್ಬರು ತಪ್ಪಿದರೆ ಎಲ್ಲರೂ ಹೊಣೆ. ನ್ಯೂಜಿಲೆಂಡಿನಲ್ಲಿ 2011ರಲ್ಲಿ ಆದ ಇಂತಹದೇ ಸಂಸ್ಥೆ ಯಾವ ಊರಿನ ಸಾಲ ಎಷ್ಟು ಎಂದು ಪಟ್ಟಿ ಹಾಕುತ್ತದೆ. ನಮಗೆ ಬೇಕಾದದ್ದು ಅಂತಹ ಒಂದು ಪುಟದ ಪಟ್ಟಿ.

ಅದನ್ನು ಕೇಳುವ ಹಕ್ಕು ಇದೆ. ಮಾಹಿತಿ ಹಕ್ಕು ಕಾಯ್ದೆ 2005ರ 4ನೇ ಕಲಂ ಪ್ರಕಾರ ಕೇಳದಿದ್ದರೂ ಪ್ರಕಟಿಸಬೇಕಾದ ವಿಷಯಗಳಿವೆ, ಬಜೆಟ್ ಮತ್ತು ಖರ್ಚು ಅದರಲ್ಲಿ ಸೇರಿವೆ. ಪ್ರಕಟಿಸುವಾಗ ಸ್ಥಳೀಯ ಭಾಷೆಯನ್ನೂ ಗಮನದಲ್ಲಿಡಬೇಕು ಎಂದು ಅದೇ ಕಲಂ ಹೇಳುತ್ತದೆ. ಕೃಷ್ಣಾ, ಮಾಗನೂರು ಕಡೆಯ ನಮ್ಮವರಿಗೆ ಸ್ಥಳೀಯ ಭಾಷೆ ಯಾವುದು ಎಂದು ಹೇಳಬೇಕಿಲ್ಲ. ಆದರೆ ಅರ್ಜಿಯ ವಿಷಯದಲ್ಲಿ ಎಚ್ಚರ: 6ನೇ ಕಲಂ ಪ್ರಕಾರ ಅರ್ಜಿ ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಆಡಳಿತ ಭಾಷೆಯಲ್ಲಿರಬೇಕು. ಕನ್ನಡದಲ್ಲೇ ಕೊಡುತ್ತೇನೆ ಎಂದು ಹಟ ಮಾಡಿದರೆ ವಾಪಸು ಕಳಿಸಲು ಅವರಿಗೆ ನೆಪ ಸಿಗುತ್ತದೆ. ಕುಂದುಕೊರತೆಯ ಮನವಿ ಬೇರೆ. ಸಂವಿಧಾನದ 350ನೇ ವಿಧಿಯಂತೆ ದೇಶದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಬಹುದು. ಅದನ್ನು ಕನ್ನಡದಲ್ಲೇ ಕೊಡೋಣ.

ಮಾಹಿತಿ ಅರ್ಜಿಯ ಮಾದರಿಯನ್ನು ತೆಲುಗಿನಲ್ಲಿ ಬರೆಸಿ ಇಟ್ಟಿದ್ದೇನೆ, ಮುಂದಿನ ಸಭೆಗೆ ಪ್ರತಿಗಳನ್ನು ತರುತ್ತೇನೆ. ಅದರಲ್ಲಿ ಕೇಳುವುದು ಮೂರೇ: ಸಾಲದ ರಿಜಿಸ್ಟರ್ ಪ್ರತಿ, ಸಾಲಕ್ಕೆ ಒಪ್ಪಿದ ಠರಾವು, ಕಳೆದ ಐದು ವರ್ಷದ ಅನುದಾನ ಆದೇಶಗಳು ಕಡಿತದ ವಿವರದೊಂದಿಗೆ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಬರಬೇಕು. ನಾರಾಯಣಪೇಟೆ, ಮಕ್ತಲ್, ಗದ್ವಾಲ, ಮದ್ದೂರಿನಿಂದ ಒಬ್ಬೊಬ್ಬರಾದರೂ ಮುಂದೆ ಬಂದರೆ ಸಾಕು. ಉತ್ತರ ಬಂದ ಮೇಲೆ ಪ್ರತಿಯನ್ನು ನನಗೆ ಕಳಿಸಿ, ಕನ್ನಡ ಮಾಡಿ ಇದೇ ಪುಟದಲ್ಲಿ ಹಾಕುತ್ತೇನೆ. ನೀವೇ ಓದುವುದಾದರೆ ಮೊದಲು ಮಂಜೂರಾದ ಮೊತ್ತವನ್ನೂ ಜಮೆಯಾದ ಮೊತ್ತವನ್ನೂ ಪಕ್ಕ ಪಕ್ಕ ಬರೆದುಕೊಳ್ಳಿ.

ಕಾರ್ಯದರ್ಶಿ