ಮರಳಿನ ಆಲಿವ್ ಸಸಿಗೆ ಕಂತಿನಲ್ಲೇ ಗೊಬ್ಬರ

ರಾಜಸ್ಥಾನ ಸರಕಾರ 2008ರಿಂದ ಇಸ್ರೇಲಿನ ಆಲಿವ್ ಸಸಿ ತರಿಸಿ ಬಿಕಾನೇರ್ ಕಡೆಯ ಮರಳಲ್ಲಿ ನೆಡಿಸಿತು. ಇಂಥ ಬಡ ಮಣ್ಣಿಗೆ ಗೊಬ್ಬರ ಜಾಸ್ತಿ ಸುರೀಬೇಕು ಅಂತ ಯಾರಿಗೂ ಅನಿಸೀತು. ನನ್ನ ಪ್ರಕಾರ ಅದು ದುಡ್ಡು ಹೂಳುವ ದಾರಿ. ಮರಳಿಗೆ ಹಿಡಿದಿಡುವ ತಾಕತ್ತಿಲ್ಲ. ಒಮ್ಮೆಗೇ ಹಾಕಿದ ಯೂರಿಯಾ ನೀರಿನೊಂದಿಗೆ ಬೇರು ದಾಟಿ ಇಳಿದುಹೋಗುತ್ತದೆ, ಬುಡಕ್ಕೆ ತಾಗಿದರೆ ಎಳೆ ಬೇರು ಸುಡುತ್ತದೆ. ಸುಣ್ಣದಂಶ ಹೆಚ್ಚಿದ್ದರೆ ರಂಜಕ, ಕಬ್ಬಿಣ, ಸತು ಇದ್ದೂ ಗಿಡಕ್ಕೆ ದಕ್ಕುವುದಿಲ್ಲ.

ಮೊದಲು ಕಳಿತ ಹಟ್ಟಿಗೊಬ್ಬರ ಕೊಡಿ. ಚಿಗುರಿದ ಮೇಲೆ ಸಾರಜನಕ ಚೂರುಚೂರೇ, ಹನಿ ನೀರಾವರಿಯ ಜತೆ. ಚಳಿಗೆ ಮುಂಚೆ ನಿಲ್ಲಿಸಿ, ಇಲ್ಲವಾದರೆ ಎಳೆ ಚಿಗುರು ಹಿಮಕ್ಕೆ ಕರಟೀತು. ಬಾವಿ ನೀರು ಉಪ್ಪಾದರೆ ಇನ್ನೂ ಜಾಗ್ರತೆ, ರಾಸಾಯನಿಕ ಗೊಬ್ಬರವೂ ಉಪ್ಪೇ ತಾನೆ? ಫಸಲಿಗೆ ವರ್ಷಗಟ್ಟಲೆ ಕಾಯಬೇಕಾದ ಸಣ್ಣ ರೈತ ಚೀಲ ಬಿಚ್ಚುವ ಮೊದಲು ಮಣ್ಣು, ನೀರು ಪರೀಕ್ಷೆ ಮಾಡಿಸುವುದೇ ಲಾಭ.