ನಾಯಿಯ ಮುರಿದ ಮೂಳೆಗೆ ನಾಯಿಗೆಂದೇ ಮಾಡಿದ ಲೋಹದ ಕಟ್ಟು

ಕುರಿಮಂದೆಯೊಡನೆ ಊರೂರು ತಿರುಗುವ ನಾಯಿಗೋ ತೋಟವನ್ನು ಕಾಯುವ ನಾಯಿಗೋ ಲಾರಿಯ ಗಾಲಿ ತಗುಲಿ ಕಾಲು ಮುರಿದರೆ, ನಮ್ಮ ಗ್ರಾಮಾಂತರಗಳಲ್ಲಿ ಅದಕ್ಕೆ ನಡೆಯುವ ಶುಶ್ರೂಷೆಯು ಬಹು ಅಲ್ಪವಾದದ್ದು. ಬಿದಿರಿನ ದಬ್ಬೆಗಳನ್ನು ಹೊಂದಿಸಿ ಬಟ್ಟೆ ಸುತ್ತಿ ಕಟ್ಟುವರು. ನಾಯಿಯು ಎರಡೇ ದಿನಗಳಲ್ಲಿ ಅದನ್ನು ಕಚ್ಚಿ ಕಿತ್ತುಹಾಕುವುದು. ಬಳಿಕ ಮೂಳೆಯು ಸೊಟ್ಟಗೆ ಕೂಡಿಕೊಳ್ಳುವುದು, ಇಲ್ಲವೆ ಕೂಡದೆಯೇ ಉಳಿಯುವುದು. ಪುತ್ತೂರು ಕಟ್ಟು ಕಟ್ಟಿಸಿಕೊಂಡು ಗುಣವಾದ ಮನುಷ್ಯರನ್ನು ಕಂಡಿರುವ ಜನರು ನಾಯಿಗೂ ಅಂಥಾದ್ದೇ ಸಾಕೆಂದು ತಿಳಿಯುವುದು ಸಹಜ. ಆದರೆ ಮನುಷ್ಯನು ಮುರಿದ ಕಾಲನ್ನು ಊರದೆ ಆರು ವಾರ ಮಲಗಿರಬಲ್ಲನು. ನಾಯಿಗೆ ಹಾಗೆ ಬುದ್ಧಿ ಹೇಳುವವರಾರು? ನೋವು ಕೊಂಚ ತಗ್ಗಿದೊಡನೆಯೇ ಅದು ಎದ್ದು ಓಡುವುದು. ತೊಡೆಯ ಮೂಳೆಯಂತೂ ದಪ್ಪನಾದ ಮಾಂಸಖಂಡಗಳ ನಡುವೆ ಹುದುಗಿರುವುದರಿಂದ, ಹೊರಗಿನಿಂದ ಕಟ್ಟಿದ ಯಾವ ದಬ್ಬೆಯೂ ಅದನ್ನು ಅಲುಗದಂತೆ ನಿಲ್ಲಿಸಲಾರದು.

ಆದಕಾರಣ ಇಂಥಾ ಮುರಿತಗಳಲ್ಲಿ ಶಸ್ತ್ರಕ್ರಿಯೆ ಮಾಡಿ, ಮೂಳೆಯ ತುಂಡುಗಳನ್ನು ಪ್ಲೇಟು ಮತ್ತು ಸ್ಕ್ರೂಗಳಿಂದ ಬಿಗಿಯುವುದು, ಅಥವಾ ಮಜ್ಜೆಯ ನಾಳದೊಳಕ್ಕೆ ರಾಡನ್ನು ಇಳಿಸುವುದು ಈಗ ಪಶುವೈದ್ಯರಲ್ಲಿ ರೂಢಿಗೆ ಬಂದಿದೆ. ಇದು ಸಂತೋಷದ ಸಂಗತಿಯೇ. ಆದರೆ ಈ ಸಾಧನಗಳು ಯಾರ ಅಳತೆಗೆ ಮಾಡಲ್ಪಟ್ಟವೆಂದು ಕೇಳುವುದು ಯುಕ್ತವಾಗಿದೆ. ಮನುಷ್ಯನ ಮುಂಗೈಗೂ ಬೆರಳಿಗೂ ಮಾಡಿದ ಪ್ಲೇಟುಗಳನ್ನೇ ಆರಿಸಿ, ಬಗ್ಗಿಸಿ, ತುಂಡರಿಸಿ ನಾಯಿಯ ಕಾಲಿಗೆ ಹೊಂದಿಸುವ ಪದ್ಧತಿಯು ಇಂದಿಗೂ ಹೋಗಿಲ್ಲ. ಬೇರೆ ದಾರಿಯಿಲ್ಲದೆ ಮಾಡುವ ವೈದ್ಯನನ್ನು ಇದಕ್ಕಾಗಿ ದೂರಲಾಗದು. ಇದನ್ನೇ ಶಾಶ್ವತವಾದ ಏರ್ಪಾಡೆಂದು ಒಪ್ಪಿಕೊಂಡು ಕುಳಿತಿರುವುದು ಮಾತ್ರ ಸರಿಯಲ್ಲ.

ಮೂಳೆಯಲ್ಲಿಡುವ ಲೋಹದ ವಿಷಯದಲ್ಲಿ ಮನುಷ್ಯನು ನಾಯಿಗೆ ದೊಡ್ಡ ಸಾಲಗಾರನು. ೧೯೩೭ರಲ್ಲಿ ಅಮೆರಿಕದ ವೆನಬಲ್ ಮತ್ತು ಸ್ಟಕ್ ಎಂಬ ವೈದ್ಯರು ನಾಯಿಗಳ ಮೂಳೆಯಲ್ಲಿ ಬೇರೆ ಬೇರೆ ಲೋಹದ ಸ್ಕ್ರೂಗಳನ್ನಿಟ್ಟು ಪರೀಕ್ಷಿಸಿ, ಎರಡು ವಿಜಾತೀಯ ಲೋಹಗಳು ದೇಹದ ರಸದಲ್ಲಿ ಒಟ್ಟಿಗಿದ್ದರೆ ವಿದ್ಯುತ್ಕ್ರಿಯೆಯುಂಟಾಗಿ ಸುತ್ತಲಿನ ಮೂಳೆಯು ಕೆಡುವುದೆಂದು ತೋರಿಸಿಕೊಟ್ಟರು. ಕೋಬಾಲ್ಟು ಮತ್ತು ಕ್ರೋಮಿಯಂ ಕೂಡಿದ ಮಿಶ್ರಲೋಹವು ಮನುಷ್ಯರ ಶಸ್ತ್ರವೈದ್ಯದಲ್ಲಿ ಬಳಕೆಗೆ ಬಂದದ್ದು ಈ ಪರೀಕ್ಷೆಗಳ ಫಲ. ಜರ್ಮನಿಯ ಕೀಲ್ ಪಟ್ಟಣದ ಕ್ಯೂಂಟ್ಷರನು ೧೯೩೯ರಲ್ಲಿ ಮನುಷ್ಯನ ತೊಡೆಯ ಮೂಳೆಗೆ ಇಳಿಸಿದ ರಾಡು ಕೂಡ ಮೊದಲು ನಾಯಿಗಳ ಮೇಲೆಯೇ ಪರೀಕ್ಷಿಸಲ್ಪಟ್ಟದ್ದು. ಹೀಗೆ ತನ್ನ ಮೂಳೆಯನ್ನು ಪರೀಕ್ಷೆಗೆ ಒಪ್ಪಿಸಿದ ಪ್ರಾಣಿಗೆ, ಮನುಷ್ಯನ ಅಳತೆಯ ಪೆಟ್ಟಿಗೆಯಲ್ಲಿ ಮಿಕ್ಕುಳಿದದ್ದು ಸಾಕೆಂದು ಹೇಳುವುದು ನ್ಯಾಯವೆನಿಸದು.

ನಾಯಿಗೆಂದೇ ಯೋಚಿಸಿ ಮಾಡಿದ ಸಾಧನವು ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ಸ್ಟೇಡರನ ಕಟ್ಟೇ ಸಾಕ್ಷಿ. ಅಮೆರಿಕದ ಪೆನ್ಸಿಲ್ವೇನಿಯಾ ಸಂಸ್ಥಾನದ ಆರ್ಡ್‌ಮೋರ್ ಎಂಬಲ್ಲಿ ಪಶುವೈದ್ಯನಾಗಿದ್ದ ಆಟೋ ಸ್ಟೇಡರನು ೧೯೩೦ರ ದಶಕದಲ್ಲಿ ಈ ಕಟ್ಟನ್ನು ರಚಿಸಿದನು. ಮುರಿತದ ಮೇಲೊಂದು ಕೆಳಗೊಂದು ಜೊತೆಯಂತೆ ಮೂಳೆಯೊಳಕ್ಕೆ ಓರೆಯಾಗಿ ಸೂಜಿಗಳನ್ನು ಸೇರಿಸಿ, ಚರ್ಮದ ಹೊರಗೆ ಅವುಗಳನ್ನು ಒಂದು ಲೋಹದ ದಂಡಕ್ಕೆ ಬಿಗಿಯುವುದು ಇದರ ಕ್ರಮ. ದಂಡದಲ್ಲಿರುವ ತಿರುಪನ್ನು ತಿರುಗಿಸಿದರೆ ಒಂದರ ಮೇಲೊಂದು ಏರಿಕೊಂಡಿರುವ ತುಂಡುಗಳು ಎಳೆದು ನೇರಾಗುವುವು. ಕಾಲಿನ ಕೀಲುಗಳಾವುವೂ ಕಟ್ಟಿಗೆ ಸಿಕ್ಕದೆ ಸ್ವತಂತ್ರವಾಗಿರುವುದರಿಂದ ನಾಯಿಯು ಬೇಗನೆ ಕಾಲೂರಿ ನಡೆಯತೊಡಗುವುದು. ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯ ಶಸ್ತ್ರವೈದ್ಯರು ಇದನ್ನು ಮನುಷ್ಯರಿಗೂ ಅಳವಡಿಸಿ, ೧೯೪೨ರಲ್ಲಿ ಸ್ಟೇಡರನೊಡನೆ ಸೇರಿ ವರದಿಯನ್ನು ಪ್ರಕಟಿಸಿದರು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ನೌಕಾಸೇನೆಯವರು ಗಾಯಗೊಂಡ ನಾವಿಕರಿಗೆ ಇದನ್ನೇ ಉಪಯೋಗಿಸಿದರು. ಮಲಗಿರೆಂದರೆ ಮಲಗದ ರೋಗಿಗಾಗಿ ಮಾಡಿದ ಕಟ್ಟು, ಮಲಗಿರಲು ಬಿಡುವಿಲ್ಲದ ನಾವಿಕನಿಗೂ ಒದಗಿತು.

ನಾಯಿಯ ದೇಹವು ಯಾವ ಬಗೆಯಲ್ಲಿ ಬೇರೆ? ಮೊದಲನೆಯದಾಗಿ ಗಾತ್ರ. ಎರಡು ಕಿಲೋ ತೂಗುವ ನಾಯಿಯೂ ಉಂಟು, ಅರವತ್ತು ಕಿಲೋ ತೂಗುವುದೂ ಉಂಟು. ಪ್ರಾಯದ ಮನುಷ್ಯರಲ್ಲಿ ಇಷ್ಟು ಅಂತರ ಕಾಣಸಿಕ್ಕದು. ದೇಹಭಾರದಲ್ಲಿ ನೂರಕ್ಕೆ ೬೦ ಪಾಲನ್ನು ಮುಂಗಾಲುಗಳೂ ೪೦ ಪಾಲನ್ನು ಹಿಂಗಾಲುಗಳೂ ಹೊರುತ್ತವೆ. ತೊಡೆಯ ಮೂಳೆಯು ಮುಂದಕ್ಕೆ ಬಾಗಿರುವುದರಿಂದ ನೇರವಾದ ರಾಡು ಅದರೊಳಗೆ ಸಲೀಸಾಗಿ ಇಳಿಯದು. ಸ್ಕ್ರೂವಿನ ದಪ್ಪವು ಮೂಳೆಯ ಅಗಲದ ನೂರಕ್ಕೆ ೪೦ ಪಾಲನ್ನು ಮೀರಬಾರದೆಂಬುದು ಶಸ್ತ್ರವೈದ್ಯರ ಹಳೆಯ ನಿಯಮ. ಮೀರಿದರೆ ತೂತಿನ ಬಳಿಯಲ್ಲಿಯೇ ಮೂಳೆ ಸೀಳುವುದು. ೫ ಮಿಲಿಮೀಟರ್ ಅಗಲದ ಮೂಳೆಗೆ ೨ ಮಿಲಿಮೀಟರಿಗಿಂತ ದಪ್ಪನಾದ ಸ್ಕ್ರೂ ಸಲ್ಲದೆಂದ ಮೇಲೆ, ಮನುಷ್ಯನ ಮುಂಗೈಗೆ ಹಾಕುವ ೩.೫ ಮಿಲಿಮೀಟರ್ ಸ್ಕ್ರೂವಿಗೆ ಅಲ್ಲಿ ಎಡೆಯೆಲ್ಲಿ?

ಪ್ಲೇಟಿನ ದಪ್ಪವನ್ನು ಗೊತ್ತುಮಾಡುವುದು ಇನ್ನೂ ಸೂಕ್ಷ್ಮವಾದ ಕೆಲಸ. ಪಟ್ಟಿಯ ದಪ್ಪವನ್ನು ೨ ಮಿಲಿಮೀಟರಿನಿಂದ ೩ಕ್ಕೆ ಹೆಚ್ಚಿಸಿದರೆ ಅದರ ಬಿಗುವು ಒಂದೂವರೆ ಪಾಲಲ್ಲ, ಮೂರು ಪಾಲಿಗಿಂತಲೂ ಹೆಚ್ಚಾಗುವುದು. ಏಕೆಂದರೆ ಬಿಗುವು ದಪ್ಪದ ಘನದಂತೆ ಏರುತ್ತದೆ. ತೆಳುವಾದ ಪಟ್ಟಿಯು ಒಂದೇ ಪೆಟ್ಟಿಗೆ ಮುರಿಯುವುದಿಲ್ಲ. ತಂತಿಯನ್ನು ಅತ್ತಿತ್ತ ಬಗ್ಗಿಸುತ್ತ ಬಂದರೆ ಅದು ಹೇಗೆ ಒಂದು ಗಳಿಗೆಯಲ್ಲಿ ತುಂಡಾಗುವುದೋ, ಹಾಗೆಯೇ ದಿನಕ್ಕೆ ಸಾವಿರಾರು ಹೆಜ್ಜೆಗಳ ಬಳಲಿಕೆಯಿಂದ ಮುರಿಯುವುದು. ಹೆಚ್ಚಾಗಿ ಮುರಿಯುವುದು ಮುರಿತದ ಎದುರಿಗೆ ಸ್ಕ್ರೂವಿಲ್ಲದೆ ಬರಿದಾಗಿ ಉಳಿದ ತೂತಿನಲ್ಲಿ. ಮರಿಗಳ ಮೂಳೆಯು ಮೂರು ನಾಲ್ಕು ವಾರಗಳಲ್ಲಿ ಕೂಡಿದರೂ, ಪ್ರಾಯದ ನಾಯಿಗೆ ಮೂರು ತಿಂಗಳೋ ಅದಕ್ಕೂ ಹೆಚ್ಚೋ ಹಿಡಿಯುವುದು. ಅಷ್ಟು ಕಾಲ ಪ್ಲೇಟು ಬಾಳಬೇಕು. ಪ್ಲೇಟಿನ ಜೊತೆಗೆ ಮಜ್ಜೆಯ ನಾಳದ ಅರ್ಧದಷ್ಟು ದಪ್ಪನಾದ ರಾಡನ್ನು ಇಳಿಸಿದರೆ ಪ್ಲೇಟಿನ ಮೇಲಿನ ಎಳೆತವು ಸುಮಾರು ಅರ್ಧಕ್ಕೆ ಇಳಿದು, ಅದರ ಬಾಳಿಕೆಯು ಸುಮಾರು ಹತ್ತು ಪಾಲು ಹೆಚ್ಚುವುದೆಂದು ೧೯೯೭ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ತೋರಿಸಿತು. ಹೆಚ್ಚು ವೆಚ್ಚವಿಲ್ಲದ ಇಂಥಾ ಉಪಾಯಗಳೇ ನಮಗೆ ಬೇಕಾದವು.

ಹಾಗಾದರೆ ದಪ್ಪನಾದ ಪಟ್ಟಿಯನ್ನೇ ಹಾಕಿದರಾಗದೆ? ಆಗದು. ಉಕ್ಕಿನ ಬಿಗುವು ಮೂಳೆಯ ಬಿಗುವಿನ ಸುಮಾರು ಹತ್ತು ಪಾಲು. ಟೈಟಾನಿಯಂ ಲೋಹದ್ದು ಉಕ್ಕಿನ ಅರ್ಧಕ್ಕಿಂತ ತುಸು ಹೆಚ್ಚು. ಭಾರವನ್ನೆಲ್ಲ ಲೋಹವೇ ಹೊತ್ತರೆ ಅದರ ಕೆಳಗಣ ಮೂಳೆಯು ಕೆಲಸವಿಲ್ಲದೆ ಸವೆದು ಜಾಳಾಗುವುದು, ಪ್ಲೇಟನ್ನು ತೆಗೆದೊಡನೆ ಮತ್ತೆ ಮುರಿಯುವುದೂ ಉಂಟು. ಕಸಿ ಕಟ್ಟುವ ತೋಟಗಾರನಿಗೆ ಈ ಮರ್ಮವನ್ನು ವಿವರಿಸಬೇಕಾಗಿಲ್ಲ. ಕಟ್ಟು ಸಡಿಲವಾದರೆ ಕಸಿ ಕೂಡದು. ಅತಿಯಾಗಿ ಬಿಗಿದರೆ ತೊಗಟೆಯ ರಸ ನಿಂತು ಕೊಂಬೆ ಸೊರಗುವುದು. ಹಳೆಯ ಮಾದರಿಯ ಪ್ಲೇಟುಗಳು ಮೂಳೆಯ ಮೈಗೆ ಒತ್ತಿಕೊಂಡೇ ನಿಲ್ಲುವುದರಿಂದ ಮೇಲ್ಪೊರೆಯ ರಕ್ತಸಂಚಾರಕ್ಕೆ ಅಡ್ಡಿಯಾಗುತ್ತಿತ್ತು. ಸ್ಕ್ರೂವಿನ ತಲೆಯು ಪ್ಲೇಟಿನ ತೂತಿನಲ್ಲಿಯೇ ತಿರುಪಾಗಿ ಕೂರುವ ಈಚಿನ ಮಾದರಿಯಲ್ಲಿ ಪ್ಲೇಟು ಮೂಳೆಯನ್ನು ಒತ್ತಬೇಕಾಗಿಲ್ಲ, ಮೂಳೆಯ ಡೊಂಕಿಗೆ ಸರಿಯಾಗಿ ಬಗ್ಗಿಸಲೂ ಬೇಕಾಗಿಲ್ಲ. ನಾಯಿಯಂಥ ಡೊಂಕು ಮೂಳೆಯ ಪ್ರಾಣಿಗೆ ಇದು ದೊಡ್ಡ ಅನುಕೂಲ.

ಪಟ್ಟಣಗಳಲ್ಲಿ ಈಗ ಮಡಿಲಲ್ಲಿ ಸಾಕುವ ಪೊಮರೇನಿಯನ್ ಮೊದಲಾದ ಚಿಕ್ಕ ನಾಯಿಗಳು ಹೆಚ್ಚಾಗಿವೆ. ಇವು ಮಂಚದಿಂದಲೋ ತೋಳಿನಿಂದಲೋ ನೆಗೆದರೂ ಸಾಕು, ಮುಂಗಾಲಿನ ಮೂಳೆಗಳು ಮಣಿಕಟ್ಟಿನ ಮೇಲ್ಗಡೆಯಲ್ಲಿ ಮುರಿಯುವುವು. ಆ ಭಾಗದಲ್ಲಿ ಮಾಂಸ ಕಡಿಮೆ. ರಕ್ತನಾಳಗಳು ದೊಡ್ಡ ನಾಯಿಗಳಲ್ಲಿರುವುದಕ್ಕಿಂತ ವಿರಳ. ಆದುದರಿಂದ ಹೊರಗಟ್ಟಿನಿಂದ ಕೂಡದೆ ಉಳಿಯುವ ಮುರಿತಗಳಲ್ಲಿ ಇದು ಮುಖ್ಯವಾದದ್ದು. ಓಟದ ಗ್ರೇಹೌಂಡುಗಳದು ಮತ್ತೊಂದು ಬಗೆ: ಪಂದ್ಯದ ಕಣದಲ್ಲಿ ಯಾವಾಗಲೂ ಎಡಕ್ಕೇ ತಿರುಗಿ ಓಡುವುದರಿಂದ, ಬಲ ಹಿಂಗಾಲಿನ ಹಿಮ್ಮಡಿಯ ಕೀಲಿನಲ್ಲಿರುವ ಸಣ್ಣ ಮೂಳೆಯೊಂದು ಒಡೆಯುತ್ತದೆ. ಜಾತಿಗೂ ಜೀವನಕ್ರಮಕ್ಕೂ ತಕ್ಕಂತೆ ಮುರಿತವು ಬೇರೆಯಾಗುವಾಗ ಸಾಧನವೂ ಬೇರೆಯಾಗಬೇಕಷ್ಟೆ. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯೂ ಗ್ರೇಹೌಂಡಿನಂತೆ ಉದ್ದನೆಯ ತೆಳು ಕಾಲುಗಳ ಓಟಗಾರನು. ತಿಮ್ಮಾಪುರದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರದಲ್ಲಿ ಈ ತಳಿಯು ಪೋಷಿಸಲ್ಪಡುತ್ತಿರುವುದರಿಂದ, ಅಲ್ಲಿಯ ನಾಯಿಗಳ ಕಾಲುಗಳ ಎಕ್ಸ್‌ರೇ ಚಿತ್ರಗಳಿಂದ ಮೂಳೆಯ ಉದ್ದ, ಅಗಲ, ಬಾಗು, ಮಜ್ಜೆಯ ನಾಳದ ವ್ಯಾಸ ಇವುಗಳ ಪಟ್ಟಿಯನ್ನು ತಯಾರಿಸುವುದು ಅಸಾಧ್ಯವಾದ ಕೆಲಸವೇನೂ ಅಲ್ಲ. ಬೀದಿಯ ನಾಡುನಾಯಿಗಳಿಗೂ ಇಂಥಾದ್ದೊಂದು ಪಟ್ಟಿ ಬೇಕು. ಲಾರಿಗೆ ಸಿಕ್ಕುವುವು ಬಹುಮಟ್ಟಿಗೆ ಅವೇ ಅಲ್ಲವೆ?

ಎತ್ತು ಎಮ್ಮೆಗಳಿಗೇ ಚಿಕಿತ್ಸೆ ಸಾಲದಿರುವಾಗ ನಾಯಿಗೇಕೆ ಈ ಸಂಭ್ರಮವೆಂದು ಕೆಲವರು ಕೇಳುವರು. ಪ್ರಶ್ನೆಯು ತಳ್ಳಿಹಾಕತಕ್ಕದ್ದಲ್ಲ. ಮನೆಯಲ್ಲಿಯೇ ಇರುವ ನಾಯಿಯ ಕಾಲು ನುಚ್ಚುನೂರಾಗಿದ್ದರೆ ಅದನ್ನು ಕತ್ತರಿಸಿ ತೆಗೆಯುವುದು ಕ್ರೌರ್ಯವೂ ಅಲ್ಲ. ಮೂರು ಕಾಲಿನಲ್ಲಿ ಅದು ಸುಖವಾಗಿಯೇ ಬಾಳುವುದು. ಆದರೆ ತೋಳ ಬರುವ ಬಯಲಿನಲ್ಲಿ ರಾತ್ರಿಯೆಲ್ಲ ಮಂದೆಯನ್ನು ಸುತ್ತುವ ನಾಯಿಗೆ ನಾಲ್ಕು ಕಾಲುಗಳೂ ಬೇಕು. ಅಂಥಾ ನಾಯಿಯನ್ನು ಕಳೆದುಕೊಂಡ ಕುರಿಗಾರನ ನಷ್ಟವನ್ನು ನಾಯಿಯ ಬೆಲೆಯಿಂದ ಅಳೆಯಲಾಗದು, ಹೋದ ಕುರಿಗಳಿಂದ ಅಳೆಯಬೇಕು. ಒಂದೊಂದು ನಾಯಿಗೂ ಚಿತ್ರ ತೆಗೆದು ಟೈಟಾನಿಯಂ ಪುಡಿಯಿಂದ ಯಂತ್ರದಲ್ಲಿ ಪ್ಲೇಟನ್ನು ಅಚ್ಚುಮಾಡುವ ವಿಧಾನವು ಈಗ ಬಂದಿದೆ. ಸೊಟ್ಟಾಗಿ ಕೂಡಿದ ಮೂಳೆಯನ್ನು ಮತ್ತೆ ಕಡಿದು ನೇರಮಾಡುವಲ್ಲಿ ಅದರ ಪ್ರಯೋಜನ ದೊಡ್ಡದು. ಆದರೆ ಕುರಿಗಾರನಿಗೆ ಅದರ ವೆಚ್ಚ ಎಟುಕದು. ಸಾಧಾರಣ ಉಕ್ಕಿನಲ್ಲಿ, ನಮ್ಮ ನಾಯಿಗಳ ಅಳತೆಗೆ ತಕ್ಕ ಏಳೆಂಟು ಗಾತ್ರಗಳ ಪ್ಲೇಟುಗಳು ತಾಲ್ಲೂಕಿನ ಪಶು ಆಸ್ಪತ್ರೆಗೆ ಸಿಕ್ಕುವಂತಾದರೆ ಮೊದಲ ಕೆಲಸವು ಆದಂತೆ.

ಇವುಗಳನ್ನು ಪರೀಕ್ಷಿಸದೆ ಮಾರಗೊಡಬಾರದು. ಅಮೆರಿಕದಲ್ಲಿ ಪ್ರಾಣಿಗಳಿಗೆ ಉಪಯೋಗಿಸುವ ಇಂಥಾ ಸಾಧನಗಳಿಗೆ ಮಾರಾಟಕ್ಕೆ ಮುಂಚೆ ಸರ್ಕಾರದ ಒಪ್ಪಿಗೆ ಬೇಕಾಗಿಲ್ಲ. ಭಾರತ ಸರ್ಕಾರದವರು ೨೦೨೦ರ ಫೆಬ್ರವರಿಯಲ್ಲಿ ಹೊರಡಿಸಿ ಏಪ್ರಿಲ್ ೧ರಿಂದ ಜಾರಿಗೆ ತಂದ ಪ್ರಕಟಣೆಯಲ್ಲಿ, ವೈದ್ಯಕೀಯ ಸಾಧನವೆಂಬ ಶಬ್ದದ ಅರ್ಥದೊಳಕ್ಕೆ ಮನುಷ್ಯರಿಗಾಗಿ ಮಾಡಿದವನ್ನಲ್ಲದೆ ಪ್ರಾಣಿಗಳಿಗಾಗಿ ಮಾಡಿದವನ್ನೂ ಸೇರಿಸಿರುವರು. ಈ ಮಾತು ಕಾಗದದಲ್ಲಿಯೇ ಉಳಿಯದಿರಬೇಕಾದರೆ, ತಯಾರಕನು ಪ್ಲೇಟು ಯಾವ ಲೋಹದ್ದು, ಎಷ್ಟು ತೂಕದ ನಾಯಿಗೆ ತಕ್ಕದ್ದು, ಎಷ್ಟು ಸಾರಿ ಬಗ್ಗಿಸಿದ ಮೇಲೆ ಮುರಿಯಿತು ಎಂಬುದನ್ನು ಪೆಟ್ಟಿಗೆಯ ಮೇಲೆ ಬರೆಯುವಂತಾಗಬೇಕು. ಆಸ್ಪತ್ರೆಯವರೂ ಮಾಡಬಹುದಾದ ಒಂದು ಕೆಲಸವುಂಟು. ನಾಯಿಯ ಕಾಲಿನಲ್ಲಿ ಮುರಿದ ಪ್ಲೇಟನ್ನು ತೆಗೆದಾಗ ಅದನ್ನು ಕಸಕ್ಕೆ ಹಾಕದೆ, ನಾಯಿಯ ತೂಕ, ಮುರಿತದ ಸ್ಥಳ, ಹಾಕಿದ ದಿನ, ಮುರಿದ ದಿನ, ಮುರಿದ ತೂತಿನ ಸಂಖ್ಯೆ ಇವುಗಳನ್ನು ಗುರುತುಹಾಕಿದ ಚೀಟಿಯೊಡನೆ ಕಟ್ಟಿ, ಎಕ್ಸ್‌ರೇ ಚಿತ್ರದ ಸಂಗಡ ಪಶುವೈದ್ಯ ಕಾಲೇಜಿನ ಶಸ್ತ್ರಚಿಕಿತ್ಸಾ ವಿಭಾಗಕ್ಕೆ ಕಳುಹಿಸಿಕೊಡಬಹುದು.