ಬೇಗ ಒತ್ತಿದವರೇ ಜಾಣರಾ?

ನಮ್ಮಕ್ಕ ಹಾಸನ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಟೀಚರ್. ಹಬ್ಬಕ್ಕೆ ಊರಿಗೆ ಹೋದಾಗ, "ಲ್ಯಾಬಲ್ಲಿ 18 ಕಂಪ್ಯೂಟರ್ ಇವೆ. ಇಂಟರ್ನೆಟ್ ಮಾತ್ರ ಬಂದ್ರೆ ಬಂತು, ಇಲ್ದಿದ್ರೆ ಇಲ್ಲ. ನಮ್ಮ ಮಕ್ಕಳಿಗೊಂದು ಕ್ವಿಜ್ ಮಾಡ್ಕೊಡೋ" ಅಂದಳು.

ದಿನವಿಡೀ ಕೋಡ್ ಬರೆಯೋ ನನಗೆ ಇದೇನು ಮಹಾ ಅನ್ನಿಸಿತು. ಇದಕ್ಕೆ ಇಂಟರ್ನೆಟ್ಟೇ ಬೇಕಿಲ್ಲ. ಟೀಚರ್ ಲ್ಯಾಪ್‌ಟಾಪೇ ಸರ್ವರ್. ಒಂದು ರೌಟರ್ ಇದ್ದರೆ ಉಳಿದ ಕಂಪ್ಯೂಟರ್‌ಗಳೆಲ್ಲ ಅದಕ್ಕೆ ಸೇರಿಕೊಳ್ಳುತ್ತವೆ, ಬ್ರೌಸರ್ ತೆರೆದರೆ ಪ್ರಶ್ನೆ ಬರುತ್ತೆ. ಎರಡು ವಾರಾಂತ್ಯದಲ್ಲಿ ಮುಗಿಸಿದೆ. ಕಹೂಟ್ ಆಟದ ಹಾಗೆ ಬೇಗ ಉತ್ತರ ಕೊಟ್ಟವರಿಗೆ ಹೆಚ್ಚು ಅಂಕ, ಪ್ರೊಜೆಕ್ಟರ್ ಮೇಲೆ ಎಲ್ಲರ ಹೆಸರಿನ ಪಟ್ಟಿ.

ಮೊದಲ ದಿನ ನಾನೂ ಹೋಗಿದ್ದೆ. ಲ್ಯಾಬಲ್ಲಿ ಒಂದೇ ಗಲಾಟೆ, ಚಪ್ಪಾಳೆ. ಮೂರನೇ ಪ್ರಶ್ನೆ ಹೊತ್ತಿಗೆ ಮೂಲೆಯ ಹುಡುಗಿಯೊಬ್ಬಳು ಮೌಸ್ ಬಿಟ್ಟು ಸುಮ್ಮನೆ ಕೂತಿದ್ದಳು. ಪಟ್ಟಿಯಲ್ಲಿ ಅವಳದ್ದೇ ಕೊನೇ ಹೆಸರು. ಇಡೀ ಕ್ಲಾಸಿಗೆ ಕಾಣೋ ಹಾಗೆ ಅದನ್ನು ದೊಡ್ಡ ಅಕ್ಷರದಲ್ಲಿ ಹಾಕಿದವನು ನಾನೇ.

ಸಂಜೆ ಅಕ್ಕ ಹೇಳಿದಳು: "ಯಾರು ಗೆಲ್ತಾರೆ ಅಂತ ನಂಗೆ ಮೊದಲೇ ಗೊತ್ತು ಕಣೋ. ಸೋತವರು ಎಲ್ಲಿ ಎಡವಿದ್ರು ಅಂತ ತೋರಿಸು."

ಟೈಮರ್ ತೆಗೆದೆ. ಪರದೆಯಿಂದ ಹೆಸರುಗಳನ್ನೂ ತೆಗೆದೆ. ಯಾವ ಉತ್ತರಕ್ಕೆ ಎಷ್ಟು ಮಂದಿ ಅನ್ನೋದಷ್ಟೇ ಅಲ್ಲಿ ಕಾಣುತ್ತೆ. ಯಾರು ಏನು ಒತ್ತಿದರು ಅನ್ನೋದು ಅಕ್ಕನಿಗೆ ಮಾತ್ರ. ಜೊತೆಗೆ 'ಮತ್ತೊಮ್ಮೆ' ಅನ್ನೋ ಒಂದು ಬಟನ್. ಈ ಉಪಾಯ ನನ್ನದಲ್ಲ. ಹಾರ್ವರ್ಡ್‌ನ ಭೌತಶಾಸ್ತ್ರ ಪ್ರೊಫೆಸರ್ ಎರಿಕ್ ಮಜೂರ್ 1990ರ ದಶಕದಲ್ಲೇ ಇದನ್ನು ತಮ್ಮ ಪಾಠಕ್ಕೆ ತಂದಿದ್ದರು. ಎಲ್ಲರೂ ಒಮ್ಮೆ ಉತ್ತರಿಸಬೇಕು, ಸರಿ ಯಾವುದು ಅಂತ ಹೇಳದೆ ಪಕ್ಕದವರ ಜೊತೆ ಮಾತಾಡಲು ಬಿಡಬೇಕು, ಆಮೇಲೆ ಮತ್ತೆ ಉತ್ತರ.

ಅಕ್ಕ ಹಾಕಿದ ಪ್ರಶ್ನೆ: 0.5, 0.35 – ಯಾವುದು ದೊಡ್ಡದು? 18ರಲ್ಲಿ 11 ಮಂದಿ 0.35 ಒತ್ತಿದ್ದರು. ಐದಕ್ಕಿಂತ ಮೂವತ್ತೈದು ದೊಡ್ಡದಲ್ವಾ! ತಪ್ಪು ಮಾಡಿದವರು ಹನ್ನೊಂದು, ತಪ್ಪು ಲೆಕ್ಕಾಚಾರ ಮಾತ್ರ ಒಂದೇ.

ಅಕ್ಕ 'ಮತ್ತೊಮ್ಮೆ' ಒತ್ತಿದಳು. ಗುಸುಗುಸು ಶುರುವಾಯ್ತು. ಮೂಲೆಯ ಅದೇ ಹುಡುಗಿ ಪಕ್ಕದವಳಿಗೆ ಹೇಳ್ತಿದ್ದಳು: "ಡೈರಿಗೆ ಹಾಲು ಹಾಕಲ್ವೇನೇ? ಅರ್ಧ ಲೀಟರ್ ಅಂದ್ರೆ 500 ಎಂಎಲ್. ಇದು ಬರೀ 350." ಅವರ ಮನೇಲಿ ಹಸು ಇದೆಯಂತೆ. ಎರಡನೇ ಸಲ ತಪ್ಪು ಒತ್ತಿದವರು ನಾಲ್ಕೇ ಮಂದಿ.

ಲ್ಯಾಬೇ ಇಲ್ಲದ ಶಾಲೆಗೂ ದಾರಿ ಇದೆ. ಪ್ಲಿಕರ್ಸ್‌ನಲ್ಲಿ ಮಕ್ಕಳ ಕೈಯಲ್ಲಿ ಒಂದೊಂದು ಕಾಗದದ ಕಾರ್ಡ್ ಇದ್ದರೆ ಸಾಕು. ತಮ್ಮ ಉತ್ತರಕ್ಕೆ ತಕ್ಕಂತೆ ಅದನ್ನು ತಿರುಗಿಸಿ ಹಿಡಿದರೆ ಟೀಚರ್ ಫೋನಿನ ಕ್ಯಾಮೆರಾ ಓದಿಕೊಳ್ಳುತ್ತೆ.

ನಿಮ್ಮೂರ ಶಾಲೆಗೂ ಇಂಥದ್ದೊಂದು ಮಾಡಿಕೊಡೋ ಮನಸ್ಸಿದ್ದರೆ, ಕೋಡ್ ಬರೆಯೋ ಮೊದಲು ಒಂದು ಪೀರಿಯಡ್ ಹಿಂದಿನ ಬೆಂಚಲ್ಲಿ ಕೂತು ಬನ್ನಿ. ನಾನು ಬರೆದಾದ ಮೇಲೆ ಹೋಗಿ ಕೂತೆ.